ಬಡವರ ಪಕ್ಷವು ಬಡವರ ಮಾತಿಗೆ ನಾಚಬೇಕೆ?

ಸಂಪತ್ತಿನ ಅಸಮತೆಯನ್ನು ತಗ್ಗಿಸುವುದೇ ತಮ್ಮ ಪರಮೋದ್ದೇಶವೆಂದು ಸಾರುವ ಎಡಪಕ್ಷಗಳು, ಜನಸಾಮಾನ್ಯರಿಗೆ ಕೇಳಿದೊಡನೆ ತಿಳಿಯುವ, ಅವರ ಜೀವಮಾನದಲ್ಲಿಯೇ ಕೈಗೆ ಬರುವ ಆರ್ಥಿಕ ವಾಗ್ದಾನಗಳನ್ನು ಮುಂದಿಟ್ಟು ಮತ ಕೇಳಬಹುದೆ, ಕೂಡದೆ ಎಂಬ ಪ್ರಶ್ನೆಯು ಈಗ ಬಹು ಕಡೆಗಳಲ್ಲಿ ಚರ್ಚೆಗೆ ಬಂದಿದೆ. ಈ ಬಗೆಯ ರಾಜಕಾರಣಕ್ಕೆ ‘ಜನಪ್ರಿಯತಾವಾದ’ವೆಂಬ ಹೆಸರು ನಮ್ಮಲ್ಲಿ ರೂಢಿಯಾಗಿದೆ. ಹೆಸರಿನಲ್ಲಿ ‘ಪ್ರಿಯ’ವೆಂಬ ಮಾತಿದ್ದರೂ ಅದನ್ನು ಉಚ್ಚರಿಸುವವರ ಮೋರೆಯಲ್ಲಿ ಪ್ರೀತಿಯು ಕಾಣುವುದಿಲ್ಲ. ‘ಜನ ಮರುಳೋ ಜಾತ್ರೆ ಮರುಳೋ’ ಎಂದು ಹೇಳಿ ನಕ್ಕುಬಿಡುವುದು ವಿದ್ಯಾವಂತರ ಮನೆಗಳಲ್ಲಿ ಒಂದು ಸಂಪ್ರದಾಯವೇ ಆಗಿದೆ. ಆ ನಗೆಯು ನ್ಯಾಯವಾದುದಲ್ಲವೆಂದೂ, ಎಡಪಕ್ಷಗಳು ಈ ಜನಪ್ರಿಯ ಅರ್ಥನೀತಿಯನ್ನು ಸಂಕೋಚವಿಲ್ಲದೆ ಕೈಗೊಳ್ಳಬೇಕೆಂದೂ, ಆದರೆ ದಾನದ ರೂಪದಲ್ಲಲ್ಲ, ಹಕ್ಕಿನ ರೂಪದಲ್ಲಿ ಕೈಗೊಳ್ಳಬೇಕೆಂದೂ ವಾದಿಸುವುದೇ ಈ ಲೇಖನದ ಉದ್ದೇಶವು.

ಚಿಕಿತ್ಸೆಯ ಮಾತಿಗೆ ಮುಂಚೆ ರೋಗದ ಪ್ರಮಾಣವನ್ನು ತಿಳಿಯೋಣ. ಪ್ಯಾರಿಸ್ಸಿನ ವಿಶ್ವ ಅಸಮಾನತಾ ಪ್ರಯೋಗಾಲಯದ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022-23ನೆಯ ವರ್ಷದಲ್ಲಿ ಭಾರತದ ಜನರಲ್ಲಿ ಅತ್ಯಂತ ಶ್ರೀಮಂತರಾದ ನೂರಕ್ಕೆ ಒಬ್ಬರ ಪಾಲಿಗೆ ದೇಶದ ವರಮಾನದಲ್ಲಿ ಶೇಕಡ 22.6ರಷ್ಟೂ, ಸಂಪತ್ತಿನಲ್ಲಿ ಶೇಕಡ 40.1ರಷ್ಟೂ ಸೇರಿದ್ದಿತು. ನೂರು ಜನರ ಊಟಕ್ಕೆಂದು ತಂದಿಟ್ಟ ನೂರು ಸೇರು ಅಕ್ಕಿಯಲ್ಲಿ ನಲವತ್ತು ಸೇರನ್ನು ಒಬ್ಬನೇ ತನ್ನ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡರೆ ಆ ಮನೆಯ ಗತಿಯೇನಾದೀತೆಂಬುದನ್ನು ಗೃಹಿಣಿಯರಿಗೆ ವಿವರಿಸಬೇಕಾಗಿಲ್ಲ. ಇದು ದೈವಕೃತವೇ? ಅಲ್ಲ. ಪಿತ್ರಾರ್ಜಿತ ಆಸ್ತಿಯ ಮೇಲೆ 1953ರಲ್ಲಿ ವಿಧಿಸಿದ ಸುಂಕವನ್ನು 1985ರಲ್ಲಿ ತೆಗೆದುಹಾಕಿದವರು ಮನುಷ್ಯರೇ. 1957ರ ಸಂಪತ್ತಿನ ತೆರಿಗೆಯನ್ನು 2015ರ ಮುಂಗಡಪತ್ರದಲ್ಲಿ ರದ್ದುಮಾಡಿದವರೂ ಮನುಷ್ಯರೇ. ಶಾಸನದಿಂದ ಬೆಳೆದುದನ್ನು ಶಾಸನದಿಂದಲೇ ತಗ್ಗಿಸಬಹುದು.

ಆದರೆ ವಿಚಿತ್ರವನ್ನು ನೋಡಿರಿ. ಅಸಮತೆಯು ಹೀಗೆ ಏರುತ್ತಿದ್ದ ಕಾಲದಲ್ಲಿಯೇ ಅಸಮತೆಯ ವೈರಿಗಳೆಂದು ಹೇಳಿಕೊಳ್ಳುವ ಪಕ್ಷಗಳು ಕ್ಷೀಣಿಸುತ್ತ ಬಂದುವು. ಮಾರ್ಕ್ಸ್‌ವಾದಿ ಕಮ್ಯೂನಿಸ್ಟ್ ಪಕ್ಷಕ್ಕೆ 2004ರ ಲೋಕಸಭೆಯಲ್ಲಿ 43 ಸ್ಥಾನಗಳಿದ್ದುವು. 2024ರಲ್ಲಿ ದೊರೆತುವು 4 ಮಾತ್ರ. ಜ್ವರವು ಏರಿದಷ್ಟೂ ರೋಗಿಯು ವೈದ್ಯನಿಂದ ದೂರ ಸರಿಯುತ್ತಿರುವನೆಂದರೆ, ತಪ್ಪೆಲ್ಲವೂ ರೋಗಿಯದೇ ಎನ್ನಲಾದೀತೆ? ವೈದ್ಯನು ಆಡುವ ಮಾತು ರೋಗಿಗೆ ತಿಳಿಯುತ್ತಿದೆಯೆ ಎಂಬುದನ್ನೂ ವಿಚಾರಿಸಬೇಕು.

ಈ ಜನಪ್ರಿಯತಾವಾದದ ಹುಟ್ಟನ್ನು ತಿಳಿದರೆ ಅದರ ಮೇಲಿನ ತಿರಸ್ಕಾರವು ಅರ್ಧ ಇಳಿದೀತು. ಆ ಹೆಸರನ್ನು ಮೊದಲು ಹೊತ್ತವರು ಮರುಳುಮಾತಿನ ಧೂರ್ತರಲ್ಲ, ಅಮೆರಿಕದ ಸಾಲಗಾರ ರೈತರು. ಹತ್ತಿಯ ಮತ್ತು ಗೋದಿಯ ಬೆಲೆ ಕುಸಿದು, ರೈಲ್ವೆ ಕಂಪನಿಗಳ ಸಾಗಣೆ ದರಕ್ಕೂ ಬ್ಯಾಂಕುಗಳ ಬಡ್ಡಿಗೂ ಸಿಕ್ಕಿ ನಲುಗಿದ ಒಕ್ಕಲುಮಕ್ಕಳು ಪೀಪಲ್ಸ್ ಪಾರ್ಟಿ ಎಂಬ ಪಕ್ಷವನ್ನು ಕಟ್ಟಿ, 1892ರ ಜುಲೈಯಲ್ಲಿ ಒಮಾಹಾ ನಗರದಲ್ಲಿ ಸೇರಿ ತಮ್ಮ ಬೇಡಿಕೆಗಳನ್ನು ಸಾರಿದರು. ವರಮಾನ ಏರಿದಂತೆ ದರವೂ ಏರುವ ವರಮಾನ ತೆರಿಗೆ, ರೈಲ್ವೆಯ ಸರ್ಕಾರಿ ಒಡೆತನ, ಅಂಚೆ ಕಚೇರಿಯಲ್ಲಿ ಉಳಿತಾಯದ ಬ್ಯಾಂಕು, ಸೆನೆಟ್ ಸಭೆಗೆ ಜನರಿಂದಲೇ ನೇರವಾದ ಚುನಾವಣೆ, ಇವು ಅವುಗಳಲ್ಲಿ ಮುಖ್ಯವಾದುವು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಅವರ ಅಭ್ಯರ್ಥಿ ಜೇಮ್ಸ್ ವೀವರನಿಗೆ ಹತ್ತು ಲಕ್ಷಕ್ಕೂ ಮಿಕ್ಕ ಮತಗಳು ಬಂದುವು. ಪಟ್ಟಣದ ಪತ್ರಿಕೆಗಳು ಇವರನ್ನು ಹುಚ್ಚರೆಂದು ಹಳಿದುವು. ಪಕ್ಷವು 1896ರಲ್ಲಿ ತನ್ನ ಬೇಡಿಕೆಗಳನ್ನೆಲ್ಲ ಹಿಂದಿಟ್ಟು, ಬೆಳ್ಳಿ ನಾಣ್ಯವೊಂದನ್ನೇ ಹಿಡಿದು, ಡೆಮೊಕ್ರಾಟ್ ಪಕ್ಷದ ಬ್ರಯಾನನ ಬೆನ್ನಿಗೆ ನಿಂತು ಸೋತು, ಕ್ರಮೇಣ ಅಳಿದುಹೋಯಿತು. ಆದರೆ ಅಂಚೆ ಉಳಿತಾಯದ ಬ್ಯಾಂಕು 1910ರಲ್ಲಿ ಶಾಸನವಾಯಿತು; ವರಮಾನ ತೆರಿಗೆಯೂ ಸೆನೆಟ್ಟಿನ ನೇರ ಚುನಾವಣೆಯೂ 1913ರಲ್ಲಿ ಆ ದೇಶದ ರಾಜ್ಯಾಂಗದಲ್ಲಿಯೇ ಸೇರಿದುವು. ಇಂದು ಜಗತ್ತೆಲ್ಲ ಸಾಮಾನ್ಯ ವಿವೇಕವೆಂದು ಒಪ್ಪಿರುವ ಸಂಗತಿಗಳು ಅಂದು ‘ಜನಮರುಳು’ ಎನಿಸಿಕೊಂಡಿದ್ದುವು.

ಆ ಚರಿತ್ರೆಯಲ್ಲಿ ಒಂದು ಕರಾಳ ಪುಟವೂ ಉಂಟು. ಅದನ್ನು ಮರೆಮಾಡುವುದು ಪ್ರಾಮಾಣಿಕವಾದುದಲ್ಲ. ಜಾರ್ಜಿಯ ಪ್ರಾಂತದ ಟಾಮ್ ವಾಟ್ಸನ್ ಎಂಬ ಮುಂದಾಳು ಮೊದಲು ಬಿಳಿಯ ಮತ್ತು ಕರಿಯ ರೈತರಿಬ್ಬರೂ ಒಂದೇ ಸಾಲದ ಹಗ್ಗದಲ್ಲಿ ಸಿಕ್ಕಿಬಿದ್ದವರು, ಇಬ್ಬರೂ ಒಂದಾಗಬೇಕೆಂದು ಉಪದೇಶಿಸಿದನು. ಪಕ್ಷವು ಸೋತ ಮೇಲೆ ಅದೇ ಮನುಷ್ಯನು ಕರಿಯರ ಮೇಲೂ ಯೆಹೂದಿಗಳ ಮೇಲೂ ವಿಷಕಾರತೊಡಗಿದನು. ಬಡವನ ಕೋಪವು ಬಡ್ಡಿಯ ಕಡೆಗೆ ತಿರುಗಿದಾಗ ಶಾಸನವನ್ನು ಹುಟ್ಟಿಸುತ್ತದೆ. ನೆರೆಮನೆಯವನ ಕಡೆಗೆ ತಿರುಗಿದಾಗ ಹಗೆಯನ್ನು ಮಾತ್ರ ಹುಟ್ಟಿಸುತ್ತದೆ. ಇದರಿಂದ ನಾವು ಕಲಿಯತಕ್ಕ ಪಾಠವೇನು? ಜನರ ಕೋಪಕ್ಕೆ ನಾಲಗೆ ಕೊಡಬಾರದೆಂದಲ್ಲ. ಎಡಪಕ್ಷವು ಆ ಕೋಪಕ್ಕೆ ತೆರಿಗೆಯ, ಗೇಣಿಯ, ಕೂಲಿಯ ಭಾಷೆಯನ್ನು ಕೊಡದೆ ಹೋದರೆ, ಬೇರೆ ಯಾರೋ ಬಂದು ಅದಕ್ಕೆ ಜಾತಿಯ ಮತ್ತು ಮತದ ಭಾಷೆಯನ್ನು ಕೊಡುವರೆಂಬುದೇ ಆ ಪಾಠವು.

ಪರದೇಶದ ಮಾತು ಸಾಕು. ನಮ್ಮ ನಾಡಿನಲ್ಲಿಯೇ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ವಿವಾದವು ಹುಟ್ಟಿದುದು ಯಾವ ಮಹಾಸಿದ್ಧಾಂತದಿಂದಲೂ ಅಲ್ಲ, ಗೇಣಿಯ ಬತ್ತವನ್ನು ಅಳೆಯುವ ಕೊಳಗದಿಂದ. ಒಡೆಯರ ಕೊಳಗವು ನ್ಯಾಯದ ಅಳತೆಗಿಂತ ದೊಡ್ಡದೆಂಬುದೇ ಒಕ್ಕಲುಗಳ ದೂರು. ಎಚ್. ಗಣಪತಿಯಪ್ಪನವರು ಒಕ್ಕಲುಗಳನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಅವರ ಬೆಂಬಲಕ್ಕೆ ನಿಂತುವು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ‘ಉಳುವವನೇ ಹೊಲದೊಡೆಯ’ ಎಂಬ ಎರಡು ಮಾತುಗಳಲ್ಲಿ ಒಂದು ಅರ್ಥಶಾಸ್ತ್ರವೇ ಅಡಗಿತ್ತು. ಅದನ್ನು ತಿಳಿಯಲು ಗೇಣಿದಾರನಿಗೆ ಮಾರ್ಕ್ಸನ ಗ್ರಂಥವು ಬೇಕಾಗಿರಲಿಲ್ಲ, ಕೊಳಗವೊಂದೇ ಸಾಕಾಗಿತ್ತು.

ಆ ಕೂಗಿನ ಫಲವು ಎರಡು ದಶಕಗಳ ಮೇಲೆ ಕೈಗೆ ಬಂದಿತು. ಅದನ್ನು ಕೊಯ್ದವರು ಸಮಾಜವಾದಿಗಳಲ್ಲ, ಕಾಂಗ್ರೆಸ್ಸಿನ ದೇವರಾಜ ಅರಸರು. ಅವರ ಸರ್ಕಾರವು 1961ರ ಭೂಸುಧಾರಣಾ ಕಾಯಿದೆಯನ್ನು ಬುಡಮಟ್ಟ ತಿದ್ದಿತು. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದುವು. ಗೇಣಿದಾರನು ಏಳನೆಯ ನಮೂನೆಯ ಅರ್ಜಿ ಹಾಕಿ ಅಧಿಭೋಗದ ಹಕ್ಕನ್ನು ಕೇಳಬಹುದಾಯಿತು. ಅರ್ಜಿಗಳ ವಿಚಾರಣೆಗೆ ತಾಲ್ಲೂಕುಗಳಲ್ಲಿ ನ್ಯಾಯಮಂಡಲಿಗಳು ಏರ್ಪಟ್ಟುವು. ಅವುಗಳಲ್ಲಿ ಅಧಿಕಾರಿಯ ಜತೆಗೆ ಸರ್ಕಾರದಿಂದ ನೇಮಕವಾದ ಸಾರ್ವಜನಿಕರೂ, ಅವರಲ್ಲಿ ಪರಿಶಿಷ್ಟ ಜಾತಿ ಪಂಗಡಗಳಿಗೆ ಸೇರಿದವರೊಬ್ಬರೂ ಕುಳಿತರು. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಕ್ಕಲು ತನ್ನ ಬಾಯಿಂದಲೇ ತನ್ನ ಮಾತನ್ನು ಹೇಳಬೇಕಾಗಿತ್ತು. ಬಂದ ಅರ್ಜಿಗಳು ಎಂಟು ಲಕ್ಷವನ್ನು ಮೀರಿದುವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ತಲೆತಲಾಂತರದ ಗೇಣಿದಾರರು ಹೊಲದೊಡೆಯರಾದರು. ಭೂಮಿಯೇ ಇಲ್ಲದ ಕೃಷಿಕೂಲಿಗೆ ಇದರಿಂದ ದೊರೆತುದು ಅತ್ಯಲ್ಪವೆಂಬುದು ನಿಜ. ಆ ಕೊರತೆಯು ಇಂದಿಗೂ ತುಂಬಿಲ್ಲ. ಆದರೂ ಗೇಣಿಯ ಮನೆಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಶಾಲೆಯ ಮೆಟ್ಟಿಲೇರಿದುದು ಆ ಏಳನೆಯ ನಮೂನೆಯ ಪುಣ್ಯದಿಂದ ಎಂಬುದನ್ನು ಯಾರು ಅಲ್ಲಗಳೆಯಬಲ್ಲರು? ಜನಪ್ರಿಯವಾದುದೆಲ್ಲವೂ ಕ್ಷಣಿಕವೆಂಬ ವಾದಕ್ಕೆ ಇದೊಂದೇ ಉತ್ತರವು ಸಾಕು.

ಬಂಗಾಳದ ಚರಿತ್ರೆಯು ಇದೇ ಪಾಠವನ್ನು ಎರಡು ಸಲ ಹೇಳುತ್ತದೆ, ಒಮ್ಮೆ ಗೆಲವಿನಿಂದ, ಒಮ್ಮೆ ಸೋಲಿನಿಂದ. ಅಲ್ಲಿ ಪಾಲುಗಾರ ರೈತನನ್ನು ಬರ್ಗಾದಾರನೆನ್ನುತ್ತಾರೆ. ಅವನನ್ನು ರಕ್ಷಿಸುವ ಕಾನೂನು ಮೊದಲೇ ಇದ್ದಿತು. ಆದರೆ ಅವನ ಹೆಸರೇ ದಾಖಲೆಯಲ್ಲಿ ಇರಲಿಲ್ಲ. ಎಡರಂಗವು 1977ರಲ್ಲಿ ಅಧಿಕಾರಕ್ಕೆ ಬಂದು, ಮರುವರ್ಷ ಅಧಿಕಾರಿಗಳನ್ನು ಹಳ್ಳಿಗಳಿಗೇ ಕಳುಹಿಸಿತು. ಹೊಲದ ಕೆಲಸ ಮುಗಿದ ಸಂಜೆಯ ಹೊತ್ತಿನಲ್ಲಿ ಊರ ಮುಂದೆಯೇ ಪಾಲುಗಾರರ ಹೆಸರುಗಳನ್ನು ಬರೆದುಕೊಳ್ಳುವ ಕಾರ್ಯವು ನಡೆಯಿತು. ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನ ಬಳಿಗೆ ಕಚೇರಿಯೇ ನಡೆದು ಬಂದಿತು. ಸುಮಾರು 14 ಲಕ್ಷ ಪಾಲುಗಾರರು ಹೀಗೆ ದಾಖಲಾದರು. ಎಡರಂಗವು 34 ವರ್ಷ ಆಳಿದುದಕ್ಕೆ ಇದು ಒಂದು ಮುಖ್ಯ ಕಾರಣವು. ಮುಂದೆ ಅದೇ ಸರ್ಕಾರವು ಸಿಂಗೂರಿನಲ್ಲಿ ಕಾರು ಕಾರ್ಖಾನೆಗೆಂದು ಒಪ್ಪದ ರೈತರ ನೆಲವನ್ನೂ 2006ರಲ್ಲಿ ಸ್ವಾಧೀನ ಮಾಡಿಕೊಂಡಿತು; 2007ರ ಮಾರ್ಚಿಯಲ್ಲಿ ನಂದಿಗ್ರಾಮದಲ್ಲಿ ಪೋಲೀಸರ ಗೋಲಿಬಾರಿಗೆ ಜನರು ಬಲಿಯಾದರು. ಉಳುವವನಿಗೆ ನೆಲದ ಭರವಸೆ ಕೊಟ್ಟ ಪಕ್ಷವೇ ಉಳುವವನ ನೆಲಕ್ಕೆ ಕೈ ಹಾಕಿತು. ಆಗ ತಾಯಿಯ, ನೆಲದ, ಮನುಷ್ಯರ ಹೆಸರನ್ನು ಕೂಗಿ ಇನ್ನೊಂದು ಪಕ್ಷವು 2011ರಲ್ಲಿ ಗೆದ್ದಿತು. ವಿಧಾನಸಭೆಗೆ 2021ರಲ್ಲಿ ನಡೆದ ಚುನಾವಣೆಯಲ್ಲಿ ಎಡರಂಗಕ್ಕೆ ಒಂದು ಸ್ಥಾನವೂ ಬರಲಿಲ್ಲ. ಜನರ ಮಾತನ್ನು ಬೀದಿಯಲ್ಲಿ ಬಿಟ್ಟು ಹೋದವನಿಗೆ, ಅದನ್ನು ಎತ್ತಿಕೊಂಡವನ ಮೇಲೆ ದೂರು ಹೇಳುವ ಅಧಿಕಾರವಿಲ್ಲ.

ಇನ್ನು ಪೂರ್ವಪಕ್ಷಗಳಿಗೆ ಬರೋಣ. ಮೊದಲನೆಯದು ನಮ್ಮಂಥವರ ಜಗಲಿಯ ಮೇಲೆ ದಿನವೂ ಕೇಳುವ ಮಾತು: “ಇದೆಲ್ಲ ಬಿಟ್ಟಿ. ಬಿಟ್ಟಿ ತಿಂದವನು ದುಡಿಯುವುದಿಲ್ಲ.” ಕರ್ನಾಟಕದಲ್ಲಿ 2023ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಸರ್ಕಾರವು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಮೊದಲಾದ ಐದು ಗ್ಯಾರಂಟಿಗಳನ್ನು ಜಾರಿಗೆ ತಂದು, 2024-25ರ ಮುಂಗಡಪತ್ರದಲ್ಲಿ ಅವುಗಳಿಗೆ ಸುಮಾರು 52,000 ಕೋಟಿ ರೂಪಾಯಿಗಳನ್ನು ತೆಗೆದಿಟ್ಟಾಗ ಈ ಮಾತು ಗಟ್ಟಿಯಾಗಿ ಕೇಳಿಬಂದಿತು. ಆದರೆ ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ಶೇಕಡ 22ಕ್ಕೆ ಇಳಿಸಿದಾಗ, ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿಗಳ ವರಮಾನವನ್ನು ಬಿಟ್ಟುಕೊಡುತ್ತಿರುವುದಾಗಿ ಅರ್ಥಮಂತ್ರಿಗಳೇ ತಿಳಿಸಿದರು. ಅದನ್ನು ಯಾರೂ ಬಿಟ್ಟಿ ಎನ್ನಲಿಲ್ಲ, ‘ಪ್ರೋತ್ಸಾಹ’ವೆಂದರು. ಮತ್ತೆ 2025ರ ಮುಂಗಡಪತ್ರದಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿಗಳ ವರಮಾನದವರೆಗೆ ತೆರಿಗೆ ಇಲ್ಲವೆಂದಾದಾಗ, ಬೊಕ್ಕಸವು ಸುಮಾರು ಒಂದು ಲಕ್ಷ ಕೋಟಿಯನ್ನು ಬಿಟ್ಟುಕೊಟ್ಟಿತು. ಇದನ್ನು ಓದುತ್ತಿರುವ ಅನೇಕ ಮನೆಗಳಿಗೂ ಅದರ ಪ್ರಯೋಜನವು ತಲುಪಿರಬೇಕು. ಆ ಮನೆಗಳಲ್ಲಿ ಯಾರಾದರೂ ಅಂದಿನಿಂದ ದುಡಿಮೆಯನ್ನು ಬಿಟ್ಟು ಮಲಗಿದರೆ? ಉಳ್ಳವನ ಕೈಗೆ ಬಂದ ಹಣವು ಉತ್ಸಾಹವನ್ನೂ, ಇಲ್ಲದವಳ ಕೈಗೆ ಬಂದ ಹಣವು ಆಲಸ್ಯವನ್ನೂ ಹುಟ್ಟಿಸುವುದೆಂಬ ನಂಬಿಕೆಯು ಅರ್ಥಶಾಸ್ತ್ರವಲ್ಲ. ಅಂತಸ್ತಿನ ಅಭಿಮಾನವು ಅರ್ಥಶಾಸ್ತ್ರದ ವೇಷ ಹಾಕಿಕೊಂಡು ಬಂದುದು, ಅಷ್ಟೆ.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಗಟ್ಟಿಯಾದುದು: “ಹಣವನ್ನು ಎಲ್ಲಿಂದ ತರುವಿರಿ?” ಈ ಪ್ರಶ್ನೆಗೆ ಉತ್ತರ ಕೊಡದೆ ನುಣುಚಿಕೊಳ್ಳುವವನು ಜನರ ಸ್ನೇಹಿತನಲ್ಲ. ಗ್ರೀಸ್ ದೇಶದಲ್ಲಿ ಸಿರಿಜಾ ಎಂಬ ಎಡಪಕ್ಷವು ಸಾಲಿಗರ ಕಠಿನ ಷರತ್ತುಗಳನ್ನು ಕೊನೆಗಾಣಿಸುವೆನೆಂದು 2015ರ ಜನವರಿಯಲ್ಲಿ ಗೆದ್ದಿತು. ಜುಲೈ 5ರ ಜನಮತದಲ್ಲಿ ನೂರಕ್ಕೆ 61 ಮಂದಿ ಆ ಷರತ್ತುಗಳು ಬೇಡವೆಂದರು. ಕೆಲವೇ ದಿನಗಳಲ್ಲಿ ಆ ಸರ್ಕಾರವೇ ಹೊಸ ಸಾಲಕ್ಕಾಗಿ ಅಂಥ ಷರತ್ತುಗಳಿಗೆ ಒಪ್ಪಿತು. ನಾಣ್ಯವು ತನ್ನ ಕೈಯಲ್ಲಿಲ್ಲದ ದೇಶವು ಜನಮತವೊಂದರಿಂದಲೇ ಸಾಲಿಗರನ್ನು ಮಣಿಸಲಾರದೆಂಬುದು ಇದರಿಂದ ಸಿದ್ಧವಾಯಿತು. ನಮ್ಮ ರಾಜ್ಯಗಳ ಸ್ಥಿತಿಯೂ ಒಂದು ಬಗೆಯಲ್ಲಿ ಹೀಗೆಯೇ ಇದೆ. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ, ಕೃಷಿಯ ವರಮಾನವನ್ನುಳಿದು ಮಿಕ್ಕ ವರಮಾನದ ಮೇಲಿನ ತೆರಿಗೆಯೂ, ಸಂಪತ್ತಿನ ಬಂಡವಾಳದ ಬೆಲೆಯ ಮೇಲಿನ ತೆರಿಗೆಯೂ ಕೇಂದ್ರದ ಅಧಿಕಾರಕ್ಕೆ ಸೇರಿದುವು. ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಮಾರಾಟದ ತೆರಿಗೆಯಲ್ಲಿ ರಾಜ್ಯಗಳಿಗಿದ್ದ ಸ್ವಾತಂತ್ರ್ಯವೂ ಬಹುಮಟ್ಟಿಗೆ ಕುಗ್ಗಿತು. ಕೇಂದ್ರವು ಹೇರುವ ಸೆಸ್ಸು ಸರ್‌ಚಾರ್ಜುಗಳಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಹೀಗಿರುವಾಗ ರಾಜ್ಯದಲ್ಲಿ ಗೆದ್ದ ಬಡವರ ಪಕ್ಷವು ಹಂಚುವ ಕೆಲಸವನ್ನು ಮಾತ್ರ ಮಾಡಬಲ್ಲುದು. ಮೇಲಿನವರಿಂದ ಎತ್ತುವ ಅಧಿಕಾರವು ಅದಕ್ಕಿಲ್ಲ. ಕೊನೆಗೆ ಒಬ್ಬ ಬಡವನ ಶಾಲೆಯ ಹಣದಿಂದ ಇನ್ನೊಬ್ಬ ಬಡವನಿಗೆ ಅಕ್ಕಿ ಕೊಟ್ಟಂತಾಗುವ ಅಪಾಯವುಂಟು.

ಹಾಗಾದರೆ ವಾಗ್ದಾನವನ್ನೇ ಬಿಡಬೇಕೆ? ಇಲ್ಲ, ಅದನ್ನು ಪೂರ್ತಿಮಾಡಬೇಕು. ಕೊಡುವ ಅಂಗೈಯನ್ನು ತೋರಿಸುವ ಪಕ್ಷವು ತೆಗೆದುಕೊಳ್ಳುವ ಅಂಗೈಯನ್ನೂ ಜನರಿಗೆ ತೋರಿಸಬೇಕು. ಸಂಪತ್ತಿನ ತೆರಿಗೆಯನ್ನೂ, ದೊಡ್ಡ ಆಸ್ತಿಗಳ ಉತ್ತರಾಧಿಕಾರದ ಸುಂಕವನ್ನೂ ಮತ್ತೆ ವಿಧಿಸಬೇಕೆಂಬ ಬೇಡಿಕೆಯು ದೆಹಲಿಯ ವಿದ್ವದ್ಗೋಷ್ಠಿಯಲ್ಲಿ ಅಡಗಿರದೆ, ಕೊಳಗದ ಮಾತಿನಷ್ಟೇ ಸರಳವಾಗಿ ಸಂತೆಯಲ್ಲಿ ಕೇಳಿಬರಬೇಕು. ನಮ್ಮ ಎಡಪಕ್ಷಗಳ ಗೊತ್ತುವಳಿಗಳಲ್ಲಿ ಈ ಬೇಡಿಕೆಗಳು ಇವೆ. ಜನರ ಬಾಯಲ್ಲಿ ಇಲ್ಲ. ಗೊತ್ತುವಳಿಯು ಕಡತದಲ್ಲಿ ಧೂಳು ತಿನ್ನುತ್ತದೆ. ಬಾಯಿಗೆ ಬಂದ ಮಾತು ಮಾತ್ರ ಶಾಸನಸಭೆಯ ಬಾಗಿಲನ್ನು ತಟ್ಟುತ್ತದೆ.

ಮೂರನೆಯ ಪೂರ್ವಪಕ್ಷವು ಎಡಪಕ್ಷಗಳ ಒಳಗಿನಿಂದಲೇ ಬರುತ್ತದೆ. “ಇಂಥ ಸಣ್ಣ ಪರಿಹಾರಗಳು ಜನರ ಹೋರಾಟದ ಅಲಗನ್ನು ಮೊಂಡಾಗಿಸುತ್ತವೆ, ವ್ಯವಸ್ಥೆಯೇ ಬದಲಾಗಬೇಕು” ಎಂದು ಕೆಲವು ಶುದ್ಧಾಂತಃಕರಣದ ಮಹನೀಯರು ಹೇಳುತ್ತಾರೆ. ಇವರ ನಿಷ್ಠೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹಸಿದವನಿಗೆ ಮುಂದಿನ ಯುಗದ ಔತಣವನ್ನು ವರ್ಣಿಸುವುದು ಊಟವಿಕ್ಕಿದಂತಾಗುವುದಿಲ್ಲ. ಮೇಲಾಗಿ, ಸಣ್ಣ ಹಕ್ಕನ್ನು ಪಡೆದ ಜನರು ಸುಮ್ಮನಾಗುವರೆಂಬುದಕ್ಕೆ ಚರಿತ್ರೆಯಲ್ಲಿ ಆಧಾರವು ಕಡಿಮೆ. ಕೊಳಗದ ನ್ಯಾಯ ಕೇಳಲು ಹೊರಟವರು ಹೊಲದ ಒಡೆತನವನ್ನು ಕೇಳುವವರೆಗೆ ನಡೆದರಲ್ಲವೆ? ಎಡಪಕ್ಷಗಳು ಹೊರಗಿನಿಂದ ಬೆಂಬಲಿಸಿದ ಕೇಂದ್ರ ಸರ್ಕಾರವು 2005ರಲ್ಲಿ ತಂದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ವರ್ಷಕ್ಕೆ 100 ದಿನಗಳ ಕೂಲಿಯನ್ನು ಹಕ್ಕಾಗಿ ಕೊಟ್ಟಿತು. ಕೇಳಿದ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯವನ್ನು ಕೊಡಬೇಕೆಂದು ವಿಧಿಸಿತು. ಆ ಒಂದು ಕಟ್ಟಳೆಯು, ಪಂಚಾಯಿತಿಯ ಕಚೇರಿಗೆ ಹೋಗಿ ‘ನನ್ನ ಅರ್ಜಿಗೆ ರಸೀತಿ ಕೊಡಿ’ ಎಂದು ಕೇಳುವ ಆಧಾರವನ್ನು ಕೂಲಿಯ ಹೆಂಗಸಿಗೆ ಒದಗಿಸಿತು. ಅದು ನೂರು ಉಪನ್ಯಾಸಗಳಿಗಿಂತ ಮೇಲಾದ ರಾಜಕೀಯ ಶಿಕ್ಷಣವು.

ದಾನಕ್ಕೂ ಹಕ್ಕಿಗೂ ಇರುವ ಭೇದವು ಇಲ್ಲಿಯೇ ತೋರುವುದು. ಆದೇಶದಿಂದ ಬಂದುದು ಇನ್ನೊಂದು ಆದೇಶದಿಂದ ನಿಂತುಹೋಗಬಹುದು. ಕೊಟ್ಟವನ ಭಾವಚಿತ್ರವು ಅದರ ಮೇಲೆ ಇರುತ್ತದೆ. ಪಡೆದವಳು ಕೃತಜ್ಞಳಾಗಿರಬೇಕೆಂದು ನಿರೀಕ್ಷಿಸಲಾಗುತ್ತದೆ. ಶಾಸನದಿಂದ ಬಂದ ಹಕ್ಕಿಗೆ ಯಾರ ಭಾವಚಿತ್ರವೂ ಬೇಡ. ಪಡೆಯುವವಳು ಯಾರಿಗೂ ಕೈಮುಗಿಯಬೇಕಾಗಿಲ್ಲ. ಕೊಡದವನನ್ನು ಅವಳು ಪ್ರಶ್ನಿಸಬಹುದು. ಆದರೆ ಹಕ್ಕಾದರೂ ಕಾವಲಿಲ್ಲದೆ ಉಳಿಯುವುದಿಲ್ಲ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂದು ನಮ್ಮ ಭೂಸುಧಾರಣಾ ಕಾಯಿದೆಯಲ್ಲಿದ್ದ ನಿರ್ಬಂಧಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ರೈತ ಸಂಘಗಳು ಬೀದಿಗಿಳಿದು ಪ್ರತಿಭಟಿಸಿದುವು. ಆದರೂ ತಿದ್ದುಪಡಿಯು ಅಂಗೀಕೃತವಾಯಿತು. ಹಕ್ಕನ್ನು ಕಾಯುವ ಸಂಘಟನೆಯನ್ನು ಊರೂರಿನಲ್ಲಿ ಉಳಿಸಿಕೊಳ್ಳದ ಪಕ್ಷವು ಬಿತ್ತಿದ ಹೊಲಕ್ಕೆ ಬೇಲಿ ಹಾಕದ ರೈತನಂತೆ.

ಆದುದರಿಂದ ಎಡಪಕ್ಷಗಳಿಗೆ ಹೇಳಬೇಕಾದ ಮಾತು ಇಷ್ಟೆ. ಜನಪ್ರಿಯವಾಗುವುದಕ್ಕೆ ನಾಚಬೇಡಿರಿ. ಆದರೆ ಪ್ರತಿಯೊಂದು ವಾಗ್ದಾನವನ್ನೂ ಮೂರು ಒರೆಗಲ್ಲುಗಳ ಮೇಲೆ ತಿಕ್ಕಿ ನೋಡಿರಿ: ಅದು ಪಡೆಯುವವನಿಗೆ ಶಾಸನಬದ್ಧವಾದ ಹಕ್ಕನ್ನು ಕೊಡುವುದೆ? ಅದರ ಹಣವು ಮೇಲಿನ ನೂರಕ್ಕೆ ಒಬ್ಬನಿಂದ ಬರುವುದೆ, ಅಥವಾ ಕೆಳಗಿನವರ ಇನ್ನೊಂದು ಜೇಬಿನಿಂದಲೆ? ಅದನ್ನು ಜಾರಿಗೆ ತರುವಾಗ ಜನರು ತಾವೇ ಕುಳಿತು ಹೆಸರು ಬರೆಸುವ, ವಿಚಾರಿಸುವ, ಪ್ರಶ್ನಿಸುವ ಸ್ಥಾನವನ್ನು ಪಡೆಯುವರೆ? ಈ ಮೂರಕ್ಕೂ ನಿಲ್ಲುವ ವಾಗ್ದಾನವನ್ನು ಮರುಳುಮಾತೆನ್ನಲಾಗದು.

ವಿದ್ಯಾವಂತರಾದ ವಾಚಕರಲ್ಲಿಯೂ ಒಂದು ವಿಜ್ಞಾಪನೆ. ಬಡವರ ಬೇಡಿಕೆಯನ್ನು ಪರೀಕ್ಷಿಸುವುದು ನಿಮ್ಮ ಧರ್ಮವೇ ಸರಿ, ಪರೀಕ್ಷಿಸಿರಿ. ಆದರೆ ಅಳೆಯುವ ಮುಂಚೆ ನಿಮ್ಮ ಕೈಯಲ್ಲಿರುವ ಕೊಳಗವನ್ನು ಒಮ್ಮೆ ನೋಡಿಕೊಳ್ಳಿರಿ. ಕಂಪನಿಗೆ ಬಿಟ್ಟುಕೊಟ್ಟುದನ್ನು ಒಂದು ಕೊಳಗದಿಂದಲೂ, ಕೂಲಿಯವಳಿಗೆ ಕೊಟ್ಟುದನ್ನು ಇನ್ನೊಂದರಿಂದಲೂ ಅಳೆಯುವ ತನಕ ನಮ್ಮ ತೀರ್ಪು ನ್ಯಾಯದ ತೀರ್ಪಾಗಲಾರದು.